ಮೈ, ಮನಸ್ಸು, ಒಡನಾಟ: ಪ್ರಾಥಮಿಕ ಶಾಲೆಯ ಬದುಕಿನ ಪಾಠಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಮೈಕ್ ಹಿಡಿದು ಯಾರೂ ಕೇಳದ ಪ್ರಶ್ನೆಗಳಿವು. ಊಟದ ಹೊತ್ತಿಗೆ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳುತ್ತಾರೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದವಳಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಎಲ್ಲವೂ ಒಂದರಿಂದ ಏಳನೇ ತರಗತಿಯ ಮಕ್ಕಳನ್ನು ನೆನೆದುಕೊಂಡು ಕೊಟ್ಟ ಉತ್ತರಗಳು. ಹೈಸ್ಕೂಲಿನ ಕತೆ ಬೇರೆ.

ಪ್ರಶ್ನೆ: ಮೈ, ಮನಸ್ಸು, ಒಡನಾಟದ ಈ ಪಾಠ ಯಾವ ವಿಷಯ? ಇದರ ಪಠ್ಯಪುಸ್ತಕ ಎಲ್ಲಿದೆ?

ಪ್ರತ್ಯೇಕ ಪುಸ್ತಕ ಹುಡುಕಬೇಡಿ. ಒಂದರಿಂದ ಐದರವರೆಗೆ ಪರಿಸರ ಅಧ್ಯಯನದಲ್ಲಿ ಕುಟುಂಬ, ಆಹಾರ, ನೀರು, ಸ್ವಚ್ಛತೆ ಬರುತ್ತವೆ. ಆರು, ಏಳಕ್ಕೆ ವಿಜ್ಞಾನದಲ್ಲಿ ಒಂದಿಷ್ಟು ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣ ಹತ್ತನೇ ತರಗತಿಯವರೆಗೂ ಕಡ್ಡಾಯವಾಗಿರಲಿ ಎಂದಿತ್ತು. 2020ರಲ್ಲಿ ಆಯುಷ್ಮಾನ್ ಭಾರತದ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಆರನೇ ತರಗತಿಯಿಂದ ಮೇಲಕ್ಕೆ 11 ವಿಷಯಗಳು, ಅವನ್ನು ಕಲಿಸಲು ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳ ಪಟ್ಟಿಯನ್ನಂತೂ ತರಬೇತಿಗೆ ಹೋದವರೆಲ್ಲ ಬರೆದುಕೊಂಡಿರುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್ ಶಾಲೆಗಳಿಗೆಂದೇ ಜೀವನ ಕೌಶಲದ ಮಾದರಿಯೊಂದನ್ನು ರೂಪಿಸಿದೆ.

ಜೀವನ ಕೌಶಲ, ಮೌಲ್ಯ ಶಿಕ್ಷಣ, ಆರೋಗ್ಯ ಶಿಕ್ಷಣ, ಯೋಗಕ್ಷೇಮ ಎಂದು ಸುತ್ತೋಲೆಗೊಂದು ಹೆಸರು. ಯಾವ ಹೆಸರಾದರೂ ಆಗಬಹುದು. ಮಗು ತನ್ನ ಮೈಯನ್ನು ನೋಡಿಕೊಳ್ಳುವುದು, ಮನಸ್ಸಿನಲ್ಲಿ ಆಗುತ್ತಿರುವುದನ್ನು ಬಾಯಲ್ಲಿ ಹೇಳುವುದು, ಇನ್ನೊಬ್ಬರ ಜೊತೆ ಬಾಳುವುದು, ಈ ಮೂರೇ ಇದರ ತಿರುಳು.

ಪ್ರಶ್ನೆ: ಇರುವ ಪಾಠವೇ ಮುಗಿಯುವುದಿಲ್ಲ. ಸಮಯ ಎಲ್ಲಿಂದ ತರೋಣ?

ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆ, ಅದನ್ನು ಬಳಸಿ. ಉಳಿದಂತೆ ಬೇರೆ ಪೀರಿಯಡ್ ಬೇಕಿಲ್ಲ. ಬಿಸಿಯೂಟದ ಸಾಲು, ನಲ್ಲಿಯ ಹತ್ತಿರದ ನೂಕಾಟ, ಆಟದಲ್ಲಿ ಸೋತವನ ಅಳು, ಇವೆಲ್ಲ ತಾವಾಗಿಯೇ ಬಂದು ಎದುರಿಗೆ ನಿಲ್ಲುವ ಪಾಠಗಳು. ನಾವು ಅವನ್ನು "ಗಲಾಟೆ" ಎಂದು ಕರೆದು ಬೆತ್ತ ಹುಡುಕುತ್ತೇವೆ, ಅಷ್ಟೇ. (ಬೆತ್ತದ ಮಾತು ಬಂತಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರಿಗೂ ಗೊತ್ತು. ಆದರೂ ಬೀರುವಿನ ಹಿಂದೆ ಒಂದು ಬೆತ್ತ ಇರುತ್ತದೆ.)

ಪ್ರಶ್ನೆ: "ಬೇಡ" ಅನ್ನುವುದನ್ನು ಕಲಿಸಿದರೆ ಮಕ್ಕಳು ನಮ್ಮ ಮಾತನ್ನೇ ಕೇಳುವುದಿಲ್ಲವಲ್ಲ?

ಎಲ್ಲಕ್ಕಿಂತ ಹೆಚ್ಚು ಸಲ ನನ್ನ ಕಿವಿಗೆ ಬಿದ್ದಿರುವ ಪ್ರಶ್ನೆ ಇದು. ಬೇರೆ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ನಮ್ಮಲ್ಲಿ ಒಳ್ಳೆಯ ಮಗು ಎಂದರೆ ಹೇಳಿದ ಮಾತು ಕೇಳುವ ಮಗು. ದೊಡ್ಡವರಿಗೆ ಎದುರಾಡಬಾರದು, ಮಾಮ ಬಂದರೆ ತೊಡೆ ಮೇಲೆ ಕೂರಬೇಕು, ಕೇಳಿದವರಿಗೆಲ್ಲ ಮುತ್ತು ಕೊಡಬೇಕು. ಹೀಗೆ ಆರು ವರ್ಷ ಬೆಳೆಸಿ, ಏಳನೇ ವರ್ಷ ಒಂದು ಶನಿವಾರ ಚಾರ್ಟ್ ತೂಗುಹಾಕಿ "ಯಾರಾದರೂ ಮುಟ್ಟಿದರೆ ಬೇಡ ಅಂತ ಜೋರಾಗಿ ಕೂಗು" ಎನ್ನುತ್ತೇವೆ. ಕೂಗಿ ಅಭ್ಯಾಸವೇ ಇಲ್ಲದ ಗಂಟಲು ಆ ಹೊತ್ತಿಗೆ ಕೂಗೀತೆ?

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಕಡಿಮೆಯೇನೂ ಇರಲಿಲ್ಲ. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಅಂದರೆ ಮಗು "ಬೇಡ" ಎನ್ನಬೇಕಾಗಿ ಬರುವುದು ಬಹಳ ಸಲ ನಾವು ಯಾರ ಮಾತು ಕೇಳು ಎಂದು ಕಲಿಸಿದ್ದೇವೋ ಅವರಿಗೇ.

ಅಭ್ಯಾಸ ಚಿಕ್ಕದರಿಂದ ಆಗಬೇಕು, ಮೊದಲು ನಮ್ಮ ಮೇಲೇ ಆಗಬೇಕು. ಒಮ್ಮೆ ಮೂರನೇ ತರಗತಿಯ ಹುಡುಗಿಯೊಬ್ಬಳ ಕೆನ್ನೆ ಹಿಂಡಿದೆ, ಪ್ರೀತಿಯಿಂದಲೇ. ಅವಳು ಒಂದು ಹೆಜ್ಜೆ ಹಿಂದೆ ಸರಿದು "ಮಿಸ್, ಹಂಗೆ ಮಾಡ್ಬೇಡಿ, ನಂಗಿಷ್ಟ ಇಲ್ಲ" ಅಂದಳು. ಇಡೀ ಕ್ಲಾಸು ನನ್ನ ಮುಖ ನೋಡಿತು. ನನಗೆ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. "ಸರಿ ಕಣಮ್ಮ, ಇನ್ನು ಮಾಡಲ್ಲ" ಅಂದೆ. ಆಮೇಲೆ ಬೆನ್ನು ತಟ್ಟುವ ಮೊದಲೂ ಕೇಳುವ ರೂಢಿ ಮಾಡಿಕೊಂಡೆ. ಆ ತರಗತಿ ಶಿಸ್ತು ಕೆಟ್ಟು ಹೋಗಲಿಲ್ಲ. ಲೆಕ್ಕ ಮಾಡು ಎಂದರೆ ಮಾಡುತ್ತಿದ್ದರು, ಕಸ ಎತ್ತು ಎಂದರೆ ಎತ್ತುತ್ತಿದ್ದರು. ಮಾತು ಕೇಳುವುದು ಬೇರೆ, ಮೈ ಒಪ್ಪಿಸುವುದು ಬೇರೆ ಎಂಬುದು ಎಂಟು ವರ್ಷದ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಗಲು ತಡವಾಗಿದ್ದು ನನಗೆ.

ಪ್ರಶ್ನೆ: "ಗುಡ್ ಟಚ್, ಬ್ಯಾಡ್ ಟಚ್" ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

"ಒಳ್ಳೆ ಮುಟ್ಟು, ಕೆಟ್ಟ ಮುಟ್ಟು" ಎಂದು ಮಾತ್ರ ಹೇಳಬೇಡಿ. ನಾನು ಹೇಳಿ ಪಾಡುಪಟ್ಟಿದ್ದೇನೆ. ಆರನೇ ತರಗತಿಯ ಹುಡುಗಿಯರು ತಲೆ ತಗ್ಗಿಸಿದರು, ಮೂರನೆಯವರು ಮುಟ್ಟಾಟದ ಮಾತು ಎಂದುಕೊಂಡು ಹೊರಗೆ ಓಡಲು ಎದ್ದರು. ಕನ್ನಡದಲ್ಲಿ ಆ ಒಂದು ಪದದ ಮೇಲೆ ಅಷ್ಟು ಹೊರೆ ಇದೆ.

"ಒಳ್ಳೆಯದು, ಕೆಟ್ಟದ್ದು" ಎಂಬ ಭಾಗವೂ ಅಷ್ಟು ಸರಿಯಿಲ್ಲ. ಚುಚ್ಚುಮದ್ದು ನೋಯುತ್ತದೆ, ಅದು ಕೆಟ್ಟದ್ದಲ್ಲ. ಚಾಕಲೇಟು ಕೊಟ್ಟು ಮುದ್ದು ಮಾಡುವವನ ಕೈ ನೋಯದೇ ಇರಬಹುದು. "ಕೆಟ್ಟದ್ದು ಆಯಿತು" ಎಂದರೆ ತಾನೇ ಕೆಟ್ಟವಳಾದೆ ಎಂದು ಮಗು ಅಂದುಕೊಳ್ಳುವುದೂ ಉಂಟು. ಹಾಗಾಗಿ ಈಗ ಕೈಪಿಡಿಗಳಲ್ಲಿ ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶ ಎಂದು ಬರೆಯುತ್ತಾರೆ. ಸರಿಯಾದದ್ದೇ, ಆದರೆ ಎರಡನೇ ತರಗತಿಯ ನಾಲಿಗೆಗೆ ಭಾರ.

ನಾನು ನೆಚ್ಚಿಕೊಂಡಿರುವ ಪದ "ಕಸಿವಿಸಿ". ನೋವೂ ಅಲ್ಲದ, ಭಯವೂ ಅಲ್ಲದ, ಒಳಗೆ ಏನೋ ಸರಿಯಿಲ್ಲ ಎನ್ನಿಸುವ ಆ ಭಾವಕ್ಕೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ. "ಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನದು. ಅಮ್ಮ ಸ್ನಾನ ಮಾಡಿಸುವಾಗ, ಅಮ್ಮ ಪಕ್ಕದಲ್ಲಿದ್ದು ಡಾಕ್ಟರು ನೋಡುವಾಗ ಬಿಟ್ಟರೆ ಅಲ್ಲಿ ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಅವರದನ್ನು ಮುಟ್ಟು ಅನ್ನುವಂತಿಲ್ಲ. ಬೇರೆಲ್ಲೇ ಮುಟ್ಟಿದರೂ ಕಸಿವಿಸಿ ಆದರೆ ದೂರ ಬಾ, ಬಂದು ಹೇಳು. ‘ಯಾರಿಗೂ ಹೇಳಬೇಡ’ ಅಂದರಂತೂ ಮೊದಲು ಬಂದು ಹೇಳು." ಇಷ್ಟು ಸಾಕು, ಆದರೆ ವರ್ಷಕ್ಕೊಮ್ಮೆ ಹೇಳಿದರೆ ಸಾಲದು.

ಯಾರಿಗೆ ಹೇಳಬೇಕು ಎನ್ನುವುದಕ್ಕೆ ಸ್ಲೇಟಿನ ಮೇಲೆ ಅಂಗೈ ಇಟ್ಟು ಗೆರೆ ಎಳೆಸಿ, ಬೆರಳಿಗೊಂದು ಹೆಸರು ಬರೆಸಿ. ಒಬ್ಬರಾದರೂ ಮನೆಯ ಹೊರಗಿನವರಿರಬೇಕು. ಒಬ್ಬ ಹುಡುಗ ಎರಡು ಬೆರಳಿಗೆ ಅಜ್ಜಿ, ಅಕ್ಕ ಎಂದು ಬರೆದು, ಮೂರನೆಯದಕ್ಕೆ ಮನೆಯ ಎಮ್ಮೆಯ ಹೆಸರು ಬರೆದಿದ್ದ. ಆ ಮನೆಗೆ ಒಂದು ಸಲ ಹೋಗಿಬರಬೇಕು ಎಂದು ನನಗೆ ಹೊಳೆದದ್ದು ಆ ಎಮ್ಮೆಯಿಂದ.

ಪ್ರಶ್ನೆ: ಅಂಗಗಳ ಹೆಸರನ್ನು ನೇರವಾಗಿ ಹೇಳಲೇಬೇಕೇ? ಮಕ್ಕಳು ನಗುತ್ತಾರೆ.

ಹೇಳಲೇಬೇಕು. ನಮ್ಮ ಭಾಷೆಯ ತೊಡಕೇನೆಂದರೆ, ಈ ಅಂಗಗಳಿಗೆ ನಮ್ಮಲ್ಲಿರುವುದು ಎರಡೇ ಬಗೆಯ ಪದಗಳು: ಬೈಗುಳದವು, ಇಲ್ಲವೇ ಸಂಸ್ಕೃತದವು. ನಡುವಿನದ್ದೆಲ್ಲ ಮನೆಮನೆಯ ಮುದ್ದುಮಾತು. "ಅಲ್ಲಿ ನೋವಾಗ್ತಿದೆ" ಎಂದು ಮಗು ಅಂದರೆ ಎಲ್ಲಿ ಎಂದು ನಮಗೂ ಗೊತ್ತಾಗುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ, ನಾಳೆ ಪೊಲೀಸರ ಮುಂದೆ ಹೇಳಬೇಕಾಗಿ ಬಂದರೂ ಗೊತ್ತಾಗುವುದಿಲ್ಲ. ಶಿಶ್ನ, ವೃಷಣ, ಯೋನಿ, ಸ್ತನ, ಗುದದ್ವಾರ: ಮೊಣಕಾಲು, ಮೊಣಕೈ ಹೇಳುವ ದನಿಯಲ್ಲೇ ಹೇಳಿ. ಇವನ್ನು ಹಿಂದೆಂದೂ ಕೇಳಿರದ ಮಕ್ಕಳು ಹೆಚ್ಚು ನಗುವುದಿಲ್ಲ. ನಗುವುದು ನಾವು ಕೆಂಪಾದಾಗ. ಸ್ಟಾಫ್ ರೂಮಿನಲ್ಲಿ ಒಂದೆರಡು ಸಲ ಗಟ್ಟಿಯಾಗಿ ಹೇಳಿ ನಾಲಿಗೆ ಪಳಗಿಸಿಕೊಳ್ಳಿ. ನಾನು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ಮನೆಯವರು ಗಾಬರಿಯಾದರು.

ಪ್ರಶ್ನೆ: ಮಗು ಬಂದು "ನನಗೆ ಹೀಗಾಯಿತು" ಎಂದು ಹೇಳಿದರೆ ಏನು ಮಾಡಬೇಕು?

ಕುಳಿತು ಕೇಳಿ. ಮಗುವಿನ ಎತ್ತರಕ್ಕೆ ಇಳಿದು ಕೇಳಿ. "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಕೆದಕಿ ಕೆದಕಿ ಕೇಳಬೇಡಿ, ನಾಲ್ಕು ಜನ ಶಿಕ್ಷಕರ ಮುಂದೆ ನಾಲ್ಕು ಸಲ ಹೇಳಿಸಬೇಡಿ. ಮಗು ಆಡಿದ ಮಾತನ್ನು ಮಗುವಿನ ಪದಗಳಲ್ಲೇ, ದಿನಾಂಕ ಹಾಕಿ ಬರೆದಿಡಿ. ಆರೋಪ ಯಾರ ಮೇಲಿದೆಯೋ ಅವರನ್ನು ಕರೆಸಿ "ವಿಚಾರಣೆ" ನಡೆಸುವ ಕೆಲಸ ನಮ್ಮದಲ್ಲ.

ಇನ್ನು ಕಾನೂನು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ ಇಂಥದ್ದು ನಡೆದಿದೆ ಎಂದು ತಿಳಿದವರು ಯಾರೇ ಆಗಲಿ, ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ದಂಡ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ. "ಶಾಲೆಯ ಮರ್ಯಾದೆ", "ಊರಿನ ಹಿರಿಯರು ಕೂತು ಮಾತಾಡೋಣ", "ಹುಡುಗಿಯ ಮುಂದಿನ ಬಾಳು" ಎಂದೆಲ್ಲ ಹೇಳುವವರು ಬಂದೇ ಬರುತ್ತಾರೆ. ಅವರ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತು ಇದ್ದರೆ 112. ಎರಡನ್ನೂ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ, ಮುಖ್ಯಗುರುಗಳ ಕೊಠಡಿಯ ಒಳಗಲ್ಲ. ಮಗುವಿನ ಹೆಸರು, ಊರು, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಶಿಕ್ಷಕರ ಗುಂಪಿಗೂ.

ಪ್ರಶ್ನೆ: ನಾನು ಗಂಡಸು, ನಾನು ಈ ಪಾಠ ಮಾಡಬಹುದೇ?

ಮಾಡಬಹುದು, ಮಾಡಬೇಕು. ಗಂಡುಮಕ್ಕಳಿಗೆ ಇದನ್ನು ಗಂಡಸಿನ ಬಾಯಿಂದ ಕೇಳುವ ಅವಕಾಶ ಬೇರೆಲ್ಲೂ ಇರುವುದಿಲ್ಲ. ಬಾಗಿಲು ತೆರೆದಿರಲಿ, ಸಾಧ್ಯವಾದರೆ ಸಹೋದ್ಯೋಗಿಯೊಬ್ಬರು ಜೊತೆಗಿರಲಿ. ಮಕ್ಕಳನ್ನು ಮುಟ್ಟಿ ತೋರಿಸುವ ಪ್ರಾತ್ಯಕ್ಷಿಕೆ ಖಂಡಿತ ಬೇಡ. ಚಿತ್ರ ಸಾಕು, ಗೊಂಬೆ ಸಾಕು.

ಪ್ರಶ್ನೆ: ಮುಟ್ಟಿನ ಬಗ್ಗೆ ಯಾವ ತರಗತಿಯಲ್ಲಿ ಹೇಳಬೇಕು?

ಏಳನೇ ತರಗತಿ ಎಂದು ಕಾಯಬೇಡಿ. ಕೆಲವರು ಒಂಬತ್ತು, ಹತ್ತಕ್ಕೇ ದೊಡ್ಡವರಾಗುತ್ತಾರೆ. ನಾಲ್ಕನೇ ತರಗತಿಯ ಕೊನೆ, ಐದರ ಮೊದಲು ಸರಿಯಾದ ಹೊತ್ತು. ಲಂಗದ ಮೇಲೆ ಕಲೆ ಕಂಡು "ನನಗೆ ಏನೋ ಕಾಯಿಲೆ, ಸಾಯ್ತೀನಿ" ಎಂದು ಅತ್ತ ಹುಡುಗಿಯನ್ನು ಒಮ್ಮೆ ಸಮಾಧಾನ ಮಾಡಿದವರು ಮುಂದಿನ ವರ್ಷ ತಡಮಾಡುವುದಿಲ್ಲ.

ಹುಡುಗರನ್ನು ಹೊರಗೆ ಕಳಿಸಿ ಕಿಟಕಿ ಮುಚ್ಚಿ ಹೇಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಮೊದಲು ಹುಡುಗಿಯರಿಗೆ ಬೇರೆಯಾಗಿ, ಅವರು ನಿಸ್ಸಂಕೋಚವಾಗಿ ಕೇಳಲೆಂದು. ಆಮೇಲೆ ಎಲ್ಲರಿಗೂ ಒಟ್ಟಿಗೆ, ಚಿಕ್ಕದಾಗಿ. ಹುಡುಗರಿಗೆ ಗೊತ್ತಿಲ್ಲದಿದ್ದರೆ ಗೇಲಿ ಮಾಡುತ್ತಾರೆ. ಗೊತ್ತಾದ ಮೇಲೆ ಮಾಡುವವರು ಕಡಿಮೆ. ಹೊರಗಾಗುವುದು, ಮೂಲೆಗೆ ಕೂರುವುದು, ಮೈಲಿಗೆ ಎಂಬ ಮಾತುಗಳು ಬಂದೇ ಬರುತ್ತವೆ. ಮನೆಯ ಆಚಾರವನ್ನು ಹೀಗಳೆಯಲು ಹೋಗಬೇಡಿ, ಮಗು ಅಮ್ಮನಿಗೂ ಮಿಸ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆದರೆ ಅದು ಕೊಳಕು ರಕ್ತವಲ್ಲ, ಶಾಲೆ ಬಿಡಬೇಕಿಲ್ಲ, ಸ್ನಾನ ಮಾಡಬಹುದು, ಆಡಬಹುದು ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಿ. ನ್ಯಾಪ್‌ಕಿನ್ ಹಂಚುವ ಸರ್ಕಾರದ ಶುಚಿ ಯೋಜನೆ ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ಅದು ಬರಲಿ, ಬಿಡಲಿ, ಶಾಲೆಯ ಬೀರುವಿನಲ್ಲಿ ನಾಲ್ಕು ಪ್ಯಾಡು, ಒಂದು ಹಳೆಯ ಲಂಗ ಇರಲಿ. ಬೀಗದ ಕೈ ಹೆಣ್ಣುಮಕ್ಕಳಿಗೆ ಸಿಗುವಲ್ಲಿರಲಿ.

ಪ್ರಶ್ನೆ: ಪೋಷಕರು "ಇದೆಲ್ಲ ಯಾಕೆ ಕಲಿಸ್ತೀರಿ" ಎಂದು ಜಗಳಕ್ಕೆ ಬಂದರೆ?

ಹಿಂದೆ ಇದು ದೊಡ್ಡ ಮಟ್ಟದಲ್ಲೇ ಆಗಿದೆ. 2007ರ ಸುಮಾರಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಕೈಬಿಟ್ಟಿದ್ದವು. ಆದ್ದರಿಂದ ಪಾಠಕ್ಕೆ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ತಾಯಂದಿರ ಸಭೆಯಲ್ಲಿ ಬಳಸುವ ಚಿತ್ರಗಳನ್ನೇ ಮೇಜಿನ ಮೇಲೆ ಹರಡಿ ತೋರಿಸಿ. ಮುಚ್ಚಿಟ್ಟರೆ ಅನುಮಾನ. 2020ರ ಪೋಕ್ಸೊ ನಿಯಮಗಳು ವಯಸ್ಸಿಗೆ ತಕ್ಕ ಸುರಕ್ಷತೆಯ ಪಾಠವನ್ನು ಸರ್ಕಾರಗಳೇ ಸಿದ್ಧಪಡಿಸಬೇಕು ಎನ್ನುತ್ತವೆ, ಅದನ್ನೂ ಹೇಳಿ. ನನ್ನ ಅನುಭವದಲ್ಲಿ ಮೊದಲು ಗದರಿದ ತಾಯಿಯೇ ಸಭೆ ಮುಗಿದ ಮೇಲೆ ಉಳಿದುಕೊಂಡು, ಸೆರಗಿನ ತುದಿ ತಿರುವುತ್ತಾ, "ನಮ್ಮ ಕಾಲದಾಗೆ ಯಾರೂ ಹೇಳ್ಲಿಲ್ಲ ಮಿಸ್" ಎಂದದ್ದುಂಟು.

ಪ್ರಶ್ನೆ: ಸಿಟ್ಟು, ಜಗಳ, ಅಳು, ಇದಕ್ಕೆಲ್ಲ ಪಾಠ ಬೇಕೇ?

ಪದಗಳು ಬೇಕು. "ಹೇಗಿದ್ದೀಯ" ಎಂದರೆ ನಮ್ಮ ಮಕ್ಕಳ ಉತ್ತರ ಎರಡೇ: ಚೆನ್ನಾಗಿದ್ದೀನಿ, ಬೇಜಾರು. ಕನ್ನಡದಲ್ಲಿ ಎಷ್ಟಿವೆ ನೋಡಿ: ಸಿಟ್ಟು, ಮುನಿಸು, ಉರಿ, ಹೊಟ್ಟೆಕಿಚ್ಚು, ಅಂಜಿಕೆ, ದಿಗಿಲು, ನಾಚಿಕೆ, ಸಂಕಟ, ತಳಮಳ. ಮುನಿಸಿಗೂ ಸಿಟ್ಟಿಗೂ ಏನು ವ್ಯತ್ಯಾಸ ಎಂದು ಕೇಳಿದಾಗ ನಾಲ್ಕನೇ ತರಗತಿಯವನೊಬ್ಬ ಹೇಳಿದ: "ಸಿಟ್ಟು ಯಾರ ಮೇಲೆ ಬೇಕಾದ್ರೂ ಬರುತ್ತೆ, ಮುನಿಸು ಇಷ್ಟ ಇರೋರ ಮೇಲೆ ಮಾತ್ರ." ನಿಘಂಟಿನಲ್ಲೂ ಇಷ್ಟು ಚೆನ್ನಾಗಿಲ್ಲ. ದಿನಕ್ಕೊಂದು ಪದ ಬೋರ್ಡಿನ ಮೂಲೆಗೆ ಬರೆದು "ಇದು ನಿನಗೆ ಯಾವಾಗ ಆಗಿತ್ತು?" ಎಂದು ಕೇಳಿ. ಕನ್ನಡ ಪೀರಿಯಡ್ಡಿನಲ್ಲೇ ಆಗುತ್ತದೆ.

ಟೂ ಬಿಟ್ಟವರನ್ನು ಕೈ ಹಿಡಿಸಿ "ಸಾರಿ ಕೇಳು" ಎಂದು ಒತ್ತಾಯಿಸುವುದು ಬೇಡ. ಇಬ್ಬರ ಮಾತನ್ನೂ ನಡುವೆ ಬಾಯಿ ಹಾಕದೆ ಕೇಳಿ, ಅರ್ಧ ಜಗಳ ಅಲ್ಲಿಗೇ ಕರಗುತ್ತದೆ. ಆದರೆ ಒಬ್ಬನನ್ನೇ ದಿನವೂ ಹತ್ತು ಜನ ಸೇರಿ "ಡುಮ್ಮ", "ಕರಿಯ" ಎಂದು ಕಾಡುವುದು ಜಗಳವಲ್ಲ, ಹಿಂಸೆ. ಅಲ್ಲಿ ನಡುವೆ ಹೋಗಲೇಬೇಕು. ಆ ಹೆಸರುಗಳಿಂದ ನಾವೇ ಮಕ್ಕಳನ್ನು ಕರೆಯುತ್ತಿದ್ದರೆ ಮೊದಲು ಅದು ನಿಲ್ಲಲಿ.

ಪ್ರಶ್ನೆ: ಬಿಸಿಯೂಟಕ್ಕೆ ಮಕ್ಕಳು ತಾವಾಗಿಯೇ ಜಾತಿವಾರು ಕೂರುತ್ತಾರೆ. ನಾವೇನು ಮಾಡುವುದು?

ತಾವಾಗಿಯೇ ಅಲ್ಲ, ನೋಡಿ ಕಲಿತದ್ದು. ರೋಲ್ ನಂಬರಿನ ಪ್ರಕಾರ ಸಾಲು ಮಾಡಿ, ತಿಂಗಳಿಗೊಮ್ಮೆ ಬದಲಿಸಿ, ಬಡಿಸುವ ಸರದಿ ಎಲ್ಲರಿಗೂ ಬರಲಿ. ನೀವೂ ಅದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂತು ಉಣ್ಣಿ. ಡಬ್ಬಿ ತಂದು ಸ್ಟಾಫ್ ರೂಮಿನಲ್ಲಿ ಉಣ್ಣುತ್ತಾ ಸಹಭೋಜನದ ಪಾಠ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲವೇ? ನೀರು ತರಲು, ಕಸ ಗುಡಿಸಲು ಯಾವ ಮಕ್ಕಳ ಹೆಸರು ನಮ್ಮ ಬಾಯಿಗೆ ಮೊದಲು ಬರುತ್ತದೆ ಎಂದು ಒಂದು ವಾರ ಬರೆದಿಡಿ. ನಾನು ಬರೆದಿಟ್ಟಿದ್ದೆ. ಆ ಹಾಳೆಯನ್ನು ಯಾರಿಗೂ ತೋರಿಸಿಲ್ಲ. ಶೌಚಾಲಯ ತೊಳೆಯಲು ಮಾತ್ರ ಯಾವ ಮಗುವನ್ನೂ ಹಚ್ಚುವಂತಿಲ್ಲ.

ಮೊಟ್ಟೆಯ ವಿಷಯಕ್ಕೂ ಇದೇ ಮಾತು. ತಿನ್ನದವರಿಗೆ ಬಾಳೆಹಣ್ಣು ಇದೆ. ತಿನ್ನುವವರನ್ನೂ ತಿನ್ನದವರನ್ನೂ ಬೇರೆ ಬೇರೆ ಸಾಲಿಗೆ ಕಳಿಸಬೇಕಿಲ್ಲ.

ಪ್ರಶ್ನೆ: ಕೈ ತೊಳೆಸುವುದು, ಜಂತುಹುಳದ ಮಾತ್ರೆ, ಇವೂ ಈ ಪಾಠದೊಳಗೇ ಬರುತ್ತವೆಯೇ?

ಬರುತ್ತವೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. "ಒಂದು ಎರಡು ಬಾಳೆಲೆ ಹರಡು" ಪೂರ್ತಿ ಹೇಳಿಸಿದರೆ ಹೆಚ್ಚೂಕಡಿಮೆ ಅಷ್ಟಾಗುತ್ತದೆ. ಸೋಪನ್ನು ನಲ್ಲಿ ಕಟ್ಟೆಯ ಮೇಲಿಟ್ಟರೆ ಕಾಗೆ ಹೊತ್ತೊಯ್ಯುತ್ತದೆ, ತಮಾಷೆಯಲ್ಲ. ಹಳೆಯ ಕಾಲುಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿ.

ಜಂತುಹುಳ ನಿವಾರಣಾ ದಿನ ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ನಿಗದಿಯಾಗಿದೆ. ಶಾಲೆಯ ಮಕ್ಕಳಿಗೆ 400 ಮಿಲಿಗ್ರಾಂನ ಅಲ್ಬೆಂಡಜೋಲ್ ಒಂದು ಮಾತ್ರೆ, ಅಗಿದು ನುಂಗಬೇಕು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಐದರಿಂದ ಹತ್ತು ವರ್ಷದವರಿಗೆ ಗುಲಾಬಿ, ಅದರ ಮೇಲಿನವರಿಗೆ ನೀಲಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಕರಿಕೆ ಬರುತ್ತದೆ, ಒಬ್ಬಳು ವಾಂತಿ ಮಾಡಿದರೆ ಹತ್ತು ಜನ ಮಾಡುತ್ತಾರೆ. ಊಟವಾದ ಮೇಲೆಯೇ ಕೊಡಿ. ಬರಿದೆ ನುಂಗಿಸಬೇಡಿ. ಯಾಕೆ ಕೊಡುತ್ತಿದ್ದೇವೆ, ಹುಳು ಬರಿಗಾಲಿನಿಂದ ಹೇಗೆ ಹತ್ತುತ್ತದೆ ಎಂದು ಹೇಳಿ. ತನ್ನ ಮೈಗೆ ಏನು ಹೋಗುತ್ತಿದೆ ಎಂದು ಕೇಳುವ ಹಕ್ಕು ಮಾತ್ರೆಯ ವಿಷಯದಲ್ಲೂ ಮಗುವಿಗೆ ಇದೆ.

ಪ್ರಶ್ನೆ: ಗುಟ್ಕಾ, ಬೀಡಿ ಬಗ್ಗೆ ಪ್ರಾಥಮಿಕದಲ್ಲೇ ಹೇಳಬೇಕೇ?

ಆರನೇ ತರಗತಿಯ ಹುಡುಗರ ಜೇಬು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. 2003ರ ಕಾಯ್ದೆ ಮತ್ತು 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪ್ರಕಾರ ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ, 21ರೊಳಗಿನವರಿಗೆ ಎಲ್ಲೂ ಮಾರುವಂತಿಲ್ಲ. ಮಕ್ಕಳಿಂದಲೇ ಹೆಜ್ಜೆ ಹಾಕಿಸಿ ಅಳೆಸಿ; ಗಣಿತವೂ ಆಯಿತು, ನಕ್ಷೆಯೂ ಆಯಿತು. ಅಂದಹಾಗೆ, ಮೂಲೆಯಂಗಡಿಯಿಂದ ಸಿಗರೇಟು ತರಲು ಹುಡುಗನನ್ನು ಕಳಿಸುವ ಮೇಷ್ಟ್ರಿದ್ದರೆ ಈ ಪಾಠ ಮಾಡದಿರುವುದೇ ವಾಸಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿ ಪಿಎಸ್‌ಎಚ್‌ಇ (ವೈಯಕ್ತಿಕ, ಸಾಮಾಜಿಕ, ಆರೋಗ್ಯ ಮತ್ತು ಆರ್ಥಿಕ ಶಿಕ್ಷಣ) ಎಂಬ ತರಗತಿ ಇದೆ. ಮಗುವನ್ನು ಬಿಡಿಸಬಹುದೇ?

ಅಲ್ಲಿ 2020ರ ಸೆಪ್ಟೆಂಬರಿನಿಂದ ಸಂಬಂಧಗಳ ಶಿಕ್ಷಣ ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ, ಆರೋಗ್ಯ ಶಿಕ್ಷಣ ಸರ್ಕಾರದ ಅನುದಾನದ ಶಾಲೆಗಳಲ್ಲೂ ಕಡ್ಡಾಯ. ಇವೆರಡರಿಂದ ಬಿಡಿಸಲು ಬರುವುದಿಲ್ಲ. ಪ್ರಾಥಮಿಕದಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯವಲ್ಲ. ವಿಜ್ಞಾನ ಪಠ್ಯವನ್ನು ಮೀರಿ ಶಾಲೆ ಅದನ್ನು ಕಲಿಸಿದರೆ ಆ ಭಾಗದಿಂದ ಬಿಡಿಸಲು ಕೇಳಬಹುದು. ಶಾಲೆಯ ನೀತಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ, ಓದಿ. ಸ್ಕಾಟ್ಲೆಂಡ್, ವೇಲ್ಸ್‌ನ ನಿಯಮ ಬೇರೆ. ನನ್ನದೊಂದು ಸಲಹೆ: ಮಗು ಅಲ್ಲಿ ಇಂಗ್ಲಿಷಿನಲ್ಲಿ ಕಲಿತ ಪದಗಳನ್ನು ಮನೆಯಲ್ಲಿ ಕನ್ನಡದಲ್ಲೂ ಹೇಳಿಕೊಡಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಅಜ್ಜಿಗೆ ಏನಾದರೂ ಹೇಳಬೇಕಾಗಿ ಬಂದರೆ ಆ ಮಗುವಿಗೆ ಕನ್ನಡದ ಪದವೇ ಬೇಕಾಗುತ್ತದೆ.

ಪ್ರಶ್ನೆ: ಇದಕ್ಕೆ ಅಂಕ ಕೊಡುವುದು ಹೇಗೆ?

ಕೊಡಬೇಡಿ. "ಸುರಕ್ಷಿತ ಸ್ಪರ್ಶ ಎಂದರೇನು, ಎರಡು ಅಂಕ" ಎಂಬ ಪ್ರಶ್ನೆಪತ್ರಿಕೆ ನಾನು ನೋಡಿದ್ದೇನೆ, ನೋಡಿ ಹಣೆ ಚಚ್ಚಿಕೊಂಡಿದ್ದೇನೆ. ಒಂದು ಪ್ರಶ್ನೆ ಪೆಟ್ಟಿಗೆ ಇಡಿ, ಹೆಸರಿಲ್ಲದ ಚೀಟಿ ಹಾಕಲಿ. ಶನಿವಾರ ಎಲ್ಲರೂ ಏನಾದರೂ ಬರೆದು ಹಾಕಲೇಬೇಕು. ಕೇಳಲು ಏನೂ ಇಲ್ಲದವರು ನೆನ್ನೆ ರಾತ್ರಿ ಏನು ಉಂಡೆ ಎಂದು ಬರೆಯಲಿ. ಆಗ ಯಾರು ನಿಜವಾಗಿ ಕೇಳಿದರು ಎಂದು ಪಕ್ಕದವನಿಗೆ ತಿಳಿಯುವುದಿಲ್ಲ. ಮೊದಲ ತಿಂಗಳು ಬರೀ ಮುದ್ದೆ, ಸಾರು, ಉಪ್ಪಿಟ್ಟು ಬರುತ್ತದೆ. ಬೇಸರ ಮಾಡಿಕೊಳ್ಳದೆ ಎಲ್ಲ ಚೀಟಿಯನ್ನೂ ಓದಿ. ನಮ್ಮ ಶಾಲೆಯ ಪೆಟ್ಟಿಗೆಯಲ್ಲಿ ಮೊದಲ ನಿಜವಾದ ಪ್ರಶ್ನೆ ಸಿಕ್ಕಿದ್ದು ಏಳನೇ ವಾರ. ಪೆನ್ಸಿಲ್ಲಿನಲ್ಲಿ, ಅಕ್ಷರ ತಪ್ಪಾಗಿ, "ದೊಡ್ಡಪ್ಪಂಗೂ ಬೇಡ ಅನ್ನಬವುದ" ಎಂದಿತ್ತು.